ಜೆಸಿಬಿಗೆ ಅಡ್ಡ ನಿಂತ ಹುಲ್ಲು: ಕಬ್ಬಾಳದ ಕಡೆಯ ಒಂದು ಲಾವಂಚದ ಸಾಲು

ಈ ಸಲ ರೂಮಲ್ಲಿ ಕೂತು ರೆಕಾರ್ಡ್ ಮಾಡ್ತಿಲ್ಲ, ಹೊಲದ ಬದುವಿನ ಮೇಲೆ ಕೂತಿದ್ದೀನಿ. ಹಿಂದೆ ಕೇಳಿಸ್ತಿರೋದು ಜೆಸಿಬಿ ಸದ್ದು. ಸ್ವಲ್ಪ ದೂರದಲ್ಲಿ ಯಾರದೋ ಜಮೀನು ಮಟ್ಟ ಮಾಡ್ತಿದ್ದಾರೆ. ಹೋದ ವರ್ಷ ನಮ್ಮ ಹೊಲಕ್ಕೂ ಒಂದು ಜೆಸಿಬಿ ಬರಬೇಕಿತ್ತು. ಅಡ್ವಾನ್ಸ್ ಹಾಕಿದ್ದು ನಾನೇ, ಫೋನ್‌ಪೇಯಲ್ಲಿ. ಅದು ಬರಲಿಲ್ಲ. ಬರದೇ ಇರೋಕೆ ಕಾರಣ, ನಾನೀಗ ಬೆನ್ನು ಕೊಟ್ಟು ಕೂತಿರೋ ಈ ಒಂದು ಸಾಲು ಹುಲ್ಲು.

ನಾನಿರೋದು ಕನಕಪುರ ತಾಲ್ಲೂಕಿನ ಸಾತನೂರಿನ ಕಡೆ. ತಲೆ ಎತ್ತಿದರೆ ಕಬ್ಬಾಳದುರ್ಗ ಕಾಣುತ್ತೆ. ಹೈದರ್, ಟಿಪ್ಪು ಕಾಲದಲ್ಲಿ ಕೈದಿಗಳನ್ನ ಇಡ್ತಿದ್ದ ಬೆಟ್ಟ ಅದು. ಕೆಳಗೆ ಕಬ್ಬಾಳಮ್ಮನ ಗುಡಿ, ಶುಕ್ರವಾರ, ಮಂಗಳವಾರ ಜನವೋ ಜನ. ನಮ್ಮ ತಾತನಿಗೂ ಅವರ ತಮ್ಮನಿಗೂ ಇಲ್ಲಿ ಭಾಗವಾದ ಜಮೀನಿದೆ. ಎರಡು ಭಾಗಗಳ ಮಧ್ಯೆ ಬದು, ಬದುವಿನ ಮೇಲೆ ಎದೆಮಟ್ಟದ ಹುಲ್ಲು. ಒತ್ತೊತ್ತಾಗಿ ನಿಂತಿರೋ ಬುಡಗಳು. ಇಲಿ ನುಸುಳೋಕೂ ಕಷ್ಟ ಅಂತ ತಾತ ಹೇಳೋದು.

ತಾತನ ತಮ್ಮ ಈಗಿಲ್ಲ. ಅವರ ಮಗ, ಅಂದ್ರೆ ನಮ್ಮ ಚಿಕ್ಕಪ್ಪ, ಮಾವಿನ ತೋಟ ಮಾಡೋಕೆ ಹೊರಟಿದ್ರು. ನಮ್ಮಪ್ಪನಿಗೂ ಅದೇ ಯೋಚನೆ. ಇಬ್ಬರೂ ಸೇರಿ ಜೆಸಿಬಿ ತರಿಸೋದು, ಬದು ಕಿತ್ತು ನೆಲ ಮಟ್ಟ ಮಾಡೋದು, ಮಧ್ಯೆ ಕಲ್ಲುಕಂಬ ನೆಟ್ಟು ತಂತಿ ಎಳೆಯೋದು. ಲೆಕ್ಕ ಹಾಕಿಕೊಟ್ಟಿದ್ದು ನಾನು, ಬಿ.ಕಾಂ ಓದಿದ್ದೀನಲ್ಲ. ಬದು ಮೂರಡಿ ಅಗಲ ತಿನ್ನುತ್ತೆ, ತಂತಿ ಬೇಲಿ ಅರ್ಧ ಅಡಿ. ಈಗಿನ ರೇಟಲ್ಲಿ ಆ ಎರಡೂವರೆ ಅಡಿಗೆ ಎಷ್ಟಾಗುತ್ತೆ ಅಂತ ಎಕ್ಸೆಲ್ ಶೀಟಲ್ಲೇ ತೋರಿಸಿದ್ದೆ.

ತಾತನಿಗೆ ಎಂಬತ್ತು ದಾಟಿದೆ. ಶೀಟು ನೋಡಲಿಲ್ಲ. "ಅದ ಕೀಳೋ ಹಂಗಿದ್ರೆ ಮೊದ್ಲು ನನ್ನ ಮಣ್ ಮಾಡಿ, ಆಮೇಲೆ ಕೀಳ್ಕಳಿ" ಅಂದ್ರು. ಅಷ್ಟೇ. ಊಟಕ್ಕೆ ಎದ್ದು ಹೋದ್ರು.

ಒಂದು ಹುಲ್ಲಿಗೆ ಇಷ್ಟು ಹಟ ಯಾಕೆ ಅಂತ ಹುಡುಕೋಕೆ ಶುರುಮಾಡಿದ್ದು ಆವತ್ತಿನಿಂದ.

ಹುಲ್ಲಿನ ಹೆಸರು ಲಾವಂಚ. ಕೆಲವರು ಲಾಮಂಚ ಅಂತಾರೆ, ಹಳಬರ ಬಾಯಲ್ಲಿ ಮುಡಿವಾಳ ಅಂತಾನೂ ಇದೆ. ಬೇರು ಘಮ್ಮೆನ್ನುತ್ತೆ, ಹೆಂಗಸರು ಮುಡಿಯೋರು, ಕುಡಿಯೋ ನೀರಿನ ಮಡಕೆಗೆ ಹಾಕೋರು. ವೆಟಿವರ್ ಅಂತ ಫ್ರೆಂಚ್ ಸೆಂಟಿನ ಬಾಟಲಿ ಮೇಲೆ ಬರೆದಿರುತ್ತಲ್ಲ, ಆ ಹೆಸರು ಹುಟ್ಟಿದ್ದು ಪಕ್ಕದ ತಮಿಳಿನ 'ವೆಟ್ಟಿವೇರ್'ನಿಂದ. ಉತ್ತರದಲ್ಲಿ ಇದೇ ಖಸ್. ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ'ಯಲ್ಲೇ ಬಿದಿರಿನ ಚೌಕಟ್ಟಿಗೆ ಖಸ್ ಬೇರು ಹೊದಿಸಿ, ನೀರು ಎರಚಿ, ಬೇಸಗೆಯಲ್ಲಿ ಮನೆ ತಂಪು ಮಾಡ್ತಿದ್ದ ವಿಷಯ ಇದೆ. ಇಂಗ್ಲಿಷರ ಬಂಗಲೆಗಳಿಗೂ ಅದೇ ತಟ್ಟಿ ಬಂತು. ಈ ಬೇರಿನ ವ್ಯಾಪಾರದ ಕತೆ ದೊಡ್ಡದು, ಅದನ್ನ ಇನ್ನೊಂದು ಎಪಿಸೋಡಿಗೆ ಇಟ್ಕೊಳ್ತೀನಿ. ನಮ್ಮ ಬದುವಿನ ಲಾವಂಚದ ಬೇರನ್ನ ಯಾರೂ ಒಂದು ಸಲವೂ ಕಿತ್ತು ಮಾರಿಲ್ಲ.

ಹಾಗಾದ್ರೆ ಇಲ್ಲಿಗೆ ಬಂದಿದ್ದು ಹೇಗೆ?

ತಾತನ ನೆನಪಿನ ಪ್ರಕಾರ, ಅಪ್ಪ ಹೈಸ್ಕೂಲಿನಲ್ಲಿದ್ದಾಗ, ಅಂದ್ರೆ 1980ರ ದಶಕದ ಕೊನೆಯಲ್ಲಿ, ಜೀಪಲ್ಲಿ ಕೆಲವರು ಬಂದರು. ಯಾವ ಕಚೇರಿಯವರೋ ತಾತನಿಗೆ ನೆನಪಿಲ್ಲ. ಗೋಣಿಚೀಲದಲ್ಲಿ ಹುಲ್ಲಿನ ಬುಡ ತಂದಿದ್ರು. ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಗೆರೆ ಮೇಲೇ ನೆಡಿ ಅಂದ್ರು. ತಾತ ನೆಟ್ಟರು. ಆದರೆ ಗೆರೆ ಮೇಲಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1980ರ ದಶಕದ ಮೊದಲರ್ಧದಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಲ್ಲಿ, ಮಳೆ ನಂಬಿದ ಜಮೀನುಗಳಿಗಾಗಿ ಒಂದು ಪ್ರಾಯೋಗಿಕ ಜಲಾನಯನ ಯೋಜನೆ ಶುರುವಾಯಿತು. ಆಂಧ್ರ, ಮಧ್ಯಪ್ರದೇಶ, ಮಹಾರಾಷ್ಟ್ರ, ಕರ್ನಾಟಕ, ನಾಲ್ಕು ರಾಜ್ಯಗಳಲ್ಲಿ ಒಂದೊಂದು ಜಾಗ. ಆಂಧ್ರದಲ್ಲಿ ಮಹೇಶ್ವರಂ, ಕರ್ನಾಟಕದಲ್ಲಿ ಕಬ್ಬಾಳನಾಲಾ. ಹೌದು, ನಮ್ಮ ಈ ಕಬ್ಬಾಳದ ಹಳ್ಳವೇ. ಜಲಾನಯನ ಅಂದ್ರೆ ಕಷ್ಟದ ಪದ ಏನಲ್ಲ. ಬೆಟ್ಟದ ನೆತ್ತಿಯಿಂದ ಹಳ್ಳದವರೆಗೆ, ಒಂದೇ ಕಡೆ ಹರಿದು ಸೇರೋ ನೀರಿನ ಇಡೀ ಇಳಿಜಾರು.

ಇಲ್ಲೇ ಯಾಕೆ ಅಂದ್ರೆ, ನಮ್ಮ ಜಿಲ್ಲೆಯ ನೆಲ ಒಮ್ಮೆ ನೋಡಿ. ಮಾಗಡಿಯಲ್ಲಿ ಸಾವನದುರ್ಗ, ರಾಮನಗರದಲ್ಲಿ ರಾಮದೇವರ ಬೆಟ್ಟ, ಇಲ್ಲಿ ಕಬ್ಬಾಳದುರ್ಗ. ಎಲ್ಲಾ ಬೋಳು ಬಂಡೆ. ಬಂಡೆ ಒಂದು ಹನಿಯನ್ನೂ ಹೀರಿಕೊಳ್ಳಲ್ಲ, ಬಿದ್ದ ಮಳೆ ಪೂರ್ತಿ ಜಾರಿ ತಪ್ಪಲಿನ ಕೆಂಪು ಮಣ್ಣಿಗೆ ನುಗ್ಗುತ್ತೆ. ರಾಗಿ, ಹುರುಳಿ ಹೊಲದ ಮೇಲ್ಮಣ್ಣು ಹಳ್ಳ ಸೇರಿ, ಅಲ್ಲಿಂದ ಮಂಚನಬೆಲೆಗೋ, ಚನ್ನಪಟ್ಟಣದ ಕಣ್ವಕ್ಕೋ, ಹಾರೋಬೆಲೆಗೋ ಹೂಳಾಗಿ ಹೋಗುತ್ತೆ. ನನ್ನ ಭಾಷೆಯಲ್ಲಿ ಹೇಳೋದಾದ್ರೆ: ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದ್ರೆ ಅದು ನಾಲ್ಕು ಘನಮೀಟರ್, ಐದು ಟನ್ನಿಗೆ ಹತ್ತಿರ. ಬೆಂಕಿಕಡ್ಡಿಗಿಂತ ತೆಳು ಪದರ, ಕಣ್ಣಿಗೆ ಗೊತ್ತಾಗಲ್ಲ. ಯಾವ ಲೆಡ್ಜರಲ್ಲೂ ಬರೆಯಲ್ಲ. ನನ್ನ ಎಕ್ಸೆಲ್ ಶೀಟಲ್ಲೂ ಇರಲಿಲ್ಲ.

ಆ ಕಾಲದಲ್ಲಿ ಮಣ್ಣು ಉಳಿಸೋದು ಅಂದ್ರೆ ಮಣ್ಣಿನದೇ ಬದು ಹಾಕೋದು. ಬುಲ್ಡೋಜರ್, ಕೂಲಿ, ಖರ್ಚು. ಜೋರು ಮಳೆಗೆ ಒಂದು ಕಡೆ ಒಡೆದರೆ ನಿಂತ ನೀರೆಲ್ಲ ಅಲ್ಲೇ ನುಗ್ಗಿ ಕೊರಕಲು. ವಿಶ್ವಬ್ಯಾಂಕಿನಲ್ಲಿ ರಿಚರ್ಡ್ ಗ್ರಿಮ್‌ಶಾ, ಜಾನ್ ಗ್ರೀನ್‌ಫೀಲ್ಡ್ ಅಂತ ಇಬ್ಬರು ಕೃಷಿ ತಜ್ಞರಿದ್ದರು. ಗ್ರೀನ್‌ಫೀಲ್ಡ್ 1950ರ ದಶಕದಲ್ಲಿ ಫಿಜಿ ದ್ವೀಪದ ಕಬ್ಬಿನ ಗದ್ದೆಗಳಲ್ಲಿ ಲಾವಂಚದ ಬೇಲಿ ಹಾಕಿಸಿ ನೋಡಿದ್ದವರು. ಆ ಕಬ್ಬು ಬೆಳೀತಿದ್ದವರಲ್ಲಿ ಹೆಚ್ಚಿನವರು ಭಾರತದಿಂದ ಕರಾರಿನ ಕೂಲಿಗೆ ಹೋದವರ ಮಕ್ಕಳು, ಮೊಮ್ಮಕ್ಕಳು. ಅಲ್ಲಿ ಕೆಲಸ ಮಾಡಿದ ಹುಲ್ಲು ಇಲ್ಲಿ ಯಾಕಾಗಬಾರದು ಅಂತ, ಭಾರತದ ಜಲಾನಯನ ಯೋಜನೆಗಳಿಗೆ ಇದನ್ನ ತಂದರು. 1987ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೈಪಿಡಿಯೇ ಬಂತು. ಹಸಿರು ರಟ್ಟಿನ ಸಣ್ಣ ಪುಸ್ತಕ, ತುಂಬಾ ಚಿತ್ರಗಳು. ಮುಂದೆ ಅದು ಹಲವು ಭಾಷೆಗಳಿಗೆ ಹೋಯಿತು.

ನನಗೆ ರೋಮಾಂಚನ ಆಗಿದ್ದು ಆ ಪುಸ್ತಕದ ಒಳಗೆ ಗುಂಡ್ಲುಪೇಟೆ ಸಿಕ್ಕಾಗ.

ಫಿಜಿ ಸುತ್ತಿ ಬಂದವರಿಗೆ, ಕಬ್ಬಾಳದಿಂದ ಒಂದು ದಿನದಲ್ಲಿ ಹೋಗಿ ಬರೋ ದೂರದ ಗುಂಡ್ಲುಪೇಟೆಯಲ್ಲಿ ಲಾವಂಚದ ಬೇಲಿ ಕಂಡಿತ್ತು. ಯಾರೂ ಹೇಳಿಕೊಟ್ಟಿದ್ದಲ್ಲ, ಯೋಜನೆ ಇಲ್ಲ, ಸಬ್ಸಿಡಿ ಇಲ್ಲ. ಅಲ್ಲಿನ ರೈತರು ನೂರು ವರ್ಷಕ್ಕೂ ಮಿಗಿಲಾಗಿ ಹೊಲದ ಗಡಿಗೆ ಈ ಹುಲ್ಲನ್ನೇ ಬೆಳೆಸಿಕೊಂಡು ಬಂದಿದ್ದರು. ನಿರ್ವಹಣೆ ಅಂದ್ರೆ, ಬಿತ್ತನೆಗೆ ಉಳುವಾಗ ಸಾಲಿನ ಅಂಚಿಗೂ ನೇಗಿಲು ಹಾಯಿಸೋದು, ಸಾಲು ದಪ್ಪ ಆಗದ ಹಾಗೆ. ಎಳೆ ಗರಿಯನ್ನ ಕೊಯ್ದು ದನಕ್ಕೆ ಹಾಕೋದು. ಅಷ್ಟೇ. ವಾಷಿಂಗ್ಟನ್ನಿನವರು ಹೊಸದಾಗಿ ಹೇಳಹೊರಟಿದ್ದನ್ನ ನಮ್ಮ ಪಕ್ಕದ ಜಿಲ್ಲೆಯವರು ಮುತ್ತಾತನ ಕಾಲದಿಂದ ಮಾಡ್ತಿದ್ದರು.

ಇಲ್ಲಿ 'ನೋಡಿ, ನಮ್ಮವರಿಗೆ ಎಲ್ಲಾ ಮೊದಲೇ ಗೊತ್ತಿತ್ತು' ಅಂತ ಹೇಳಿಬಿಟ್ಟರೆ ರೀಲ್ಸ್‌ಗೆ ಚೆನ್ನಾಗಿರುತ್ತೆ, ಒಂದಷ್ಟು ಶೇರ್ ಬರುತ್ತೆ. ಆದರೆ ಅದು ಅರ್ಧ ಸತ್ಯ. ಗುಂಡ್ಲುಪೇಟೆಯವರು ಹುಲ್ಲು ನೆಟ್ಟಿದ್ದು ಗಡಿಯ ಮೇಲೆ. ಕೈಪಿಡಿ ಹೇಳಿದ್ದು ಸಮಪಾತಳಿಯ ಮೇಲೆ. ಎರಡೂ ಬೇರೆ ಬೇರೆ ಗೆರೆ.

ಸಮಪಾತಳಿ ಗೆರೆ ಅಂದ್ರೆ ಇಳಿಜಾರಿನಲ್ಲಿ ಒಂದೇ ಎತ್ತರದ ಜಾಗಗಳನ್ನ ಸೇರಿಸಿದ ಗೆರೆ. ಕೆರೆ ತುಂಬಿದಾಗ ನೀರಿನ ಅಂಚು ದಡದಲ್ಲಿ ಹೇಗೆ ಬಳುಕಿಕೊಂಡು ಹೋಗುತ್ತೋ ಹಾಗೆ. ಅದರ ಮೇಲೆ ಹುಲ್ಲು ನಿಂತರೆ ಓಡಿಬರೋ ನೀರು ಸಾಲಿನುದ್ದಕ್ಕೂ ಹರಡಿಕೊಂಡು, ನಿಧಾನವಾಗಿ ಸೋಸಿ ಕೆಳಗಿಳಿಯುತ್ತೆ, ಮಣ್ಣು ಮೇಲೇ ನಿಲ್ಲುತ್ತೆ. ಒಂದಷ್ಟು ವರ್ಷ ಕಳೆದರೆ ಹುಲ್ಲಿನ ಹಿಂದೆ ತಾನಾಗೇ ಮೆಟ್ಟಿಲಾಗುತ್ತೆ. ವಿಜ್ಞಾನ ಪಕ್ಕಾ. ಆದರೆ ಸಮಪಾತಳಿಗೆ ಪಹಣಿ ಗೊತ್ತಿಲ್ಲ. ಅದು ನನ್ನ ಹೊಲದ ನಡುಮಧ್ಯೆ ಹಾವಿನ ಹಾಗೆ ಹೊಕ್ಕು, ಪಕ್ಕದವನ ಹೊಲದಲ್ಲಿ ಹೊರಡುತ್ತೆ. ಎತ್ತು ಕಟ್ಟಿ ನೇರ ಸಾಲು ಉಳುವವನಿಗೆ ಅದು ಪ್ರತಿ ಸುತ್ತಿಗೂ ಅಡ್ಡ. ಅರ್ಧ ಎಕರೆ ಹಿಸ್ಸೆಯವನಿಗಂತೂ ಹೊಲವೇ ಎರಡು ತುಂಡು. 1992ರಲ್ಲಿ ಜಾನ್ ಕೆರ್, ಎನ್.ಕೆ. ಸಾಂಘಿ ಅನ್ನೋ ಸಂಶೋಧಕರು ಭಾರತದ ಒಣಭೂಮಿಯ ಬಗ್ಗೆ ಇದನ್ನೇ ಬರೆದರು: ರೈತರು ಮಣ್ಣು ಉಳಿಸಲ್ಲ ಅಂತಲ್ಲ, ಗಡಿಯಲ್ಲಿ ಉಳಿಸ್ತಾರೆ. ಯೋಜನೆಗಳು ಬೇರೆ ಕಡೆ ಗೆರೆ ಹಾಕ್ತವೆ.

ತಾತನನ್ನ ಕೇಳಿದೆ. "ಸುಣ್ಣದ ಗೆರೆ ಮೇಲೆ ಯಾಕೆ ಹಾಕ್ಲಿಲ್ಲ?"

"ಗೆರೆ ಮೇಲೆ ಹಾಕಿದ್ರೆ ನಾನ್ ಎಲ್ಲಿ ಉಳ್ಳೋ? ಬದಿನ ಮೇಲೆ ಹಾಕುದ್ರೆ ಇಬ್ರೂ ಕಾಯ್ತೀವಿ."

ಈ ಎರಡನೇ ಮಾತು ಗಮನಿಸಿ. ಬದು ಒತ್ತೋದು ಅಂದ್ರೆ ಏನು ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಟಿಯಲ್ಲಿ ಹುಟ್ಟಿದವರಿಗೆ: ಪ್ರತಿ ವರ್ಷ ಉಳುವಾಗ ನೇಗಿಲನ್ನ ಒಂದು ಗೇಣು ಆಚೆಗೆ ತಳ್ಳೋದು. ಹತ್ತು ವರ್ಷಕ್ಕೆ ಹತ್ತು ಗೇಣು ನಿಮ್ಮದು. ಬಾಂದು ಕಲ್ಲು ರಾತ್ರೋರಾತ್ರಿ ಜಾಗ ಬದಲಾಯಿಸುತ್ತೆ. ಅಣ್ಣತಮ್ಮಂದಿರು ಕೋರ್ಟು ಹತ್ತೋದು ಇದಕ್ಕೇ. ಲಾವಂಚ ಹಾಗೆ ಸರಿಯಲ್ಲ. ಬೇರು ಅಡ್ಡಕ್ಕೆ ಹಬ್ಬಲ್ಲ, ನೇರ ಕೆಳಗೆ ಮೂರು ಮೀಟರ್‌ವರೆಗೂ ಇಳಿಯುತ್ತೆ. ಆ ಬೇರಿನ ಎಳೆ ಉಕ್ಕಿನ ಆರನೇ ಒಂದು ಪಾಲು ಗಟ್ಟಿ. ಎರಡೂ ಕಡೆಯಿಂದ ನೇಗಿಲು ಬಂದು ಅದರ ಪಕ್ಕದಲ್ಲೇ ನಿಲ್ಲುತ್ತೆ.

ಇನ್ನೊಂದು ವಿಷಯ. ದಕ್ಷಿಣದಲ್ಲಿ ಬದುಗಳಿಗೆ ಬೆಳೆಸೋ ಲಾವಂಚ ಹೂ ಬಿಟ್ಟರೂ ಮೊಳೆಯೋ ಬೀಜ ಕಟ್ಟಲ್ಲ ಅಂತಾನೇ ಹೇಳಬಹುದು. ಉತ್ತರ ಭಾರತದ ಕಾಡು ಜಾತಿ ಬೀಜ ಉದುರಿಸಿ ಹಬ್ಬುತ್ತೆ, ನಮ್ಮದು ಹಬ್ಬಲ್ಲ. ಅಂದ್ರೆ ಈ ಹುಲ್ಲು ಎಲ್ಲಿದೆಯೋ ಅಲ್ಲಿ ಯಾರೋ ಕೈಯಾರೆ ನೆಟ್ಟಿದ್ದು ಅಂತಾನೇ ಅರ್ಥ. ಪ್ರತಿ ಬುಡವೂ ಇನ್ನೊಂದು ಹಳೇ ಬುಡದ ತುಂಡು. 1990ರ ದಶಕದ ಕೊನೆಯಲ್ಲಿ ರಾಬರ್ಟ್ ಆಡಮ್ಸ್ ಮತ್ತಿತರರು ಬೇರೆ ಬೇರೆ ದೇಶಗಳ ಲಾವಂಚದ ಡಿಎನ್‌ಎ ಹೋಲಿಸಿ ನೋಡಿದಾಗ, ದಕ್ಷಿಣ ಏಷ್ಯಾದ ಹೊರಗೆ ಮಣ್ಣು ಉಳಿಸೋಕೆ ನೆಟ್ಟಿದ್ದರಲ್ಲಿ ಹೆಚ್ಚಿನದು ಒಂದೇ ಗಿಡದ ತುಂಡುಗಳು ಅಂತ ಗೊತ್ತಾಯಿತು. ಥಾಯ್ಲೆಂಡಿನ ರಾಜ ಭೂಮಿಬೋಲ್ 1990ರ ದಶಕದಲ್ಲಿ ತಾವೇ ಮುಂದೆ ನಿಂತು ಇದನ್ನ ನೆಡಿಸಿದರು. 1996ರಲ್ಲಿ ಲಾವಂಚದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಆಗಿದ್ದು ಅಲ್ಲಿನ ಚಿಯಾಂಗ್ ರಾಯ್‌ನಲ್ಲಿ. ನಾವು ಅಷ್ಟರಲ್ಲಿ ಮರೆತಿದ್ವಿ. ನನ್ನ ಸ್ಕೂಲಿನ ಯಾವ ಪಾಠದಲ್ಲೂ ಕಬ್ಬಾಳನಾಲಾ ಇರಲಿಲ್ಲ.

ಸರಿ, ಬೆಳೆಸೋದು ಹೇಗೆ ಅಂತ ಹೋದ ವಾರ ಟೀಸರ್ ಹಾಕಿದಾಗ ತುಂಬ ಜನ ಕೇಳಿದ್ರಿ. ನಾನು ಎರಡು ಮಳೆಗಾಲ ಮಾಡಿ ನೋಡಿದ್ದನ್ನ ಹೇಳ್ತೀನಿ.

ಬೀಜ ಹುಡುಕಬೇಡಿ. ಬಲಿತ ಬುಡ ಅಗೆದು, ಕೈಯಿಂದ ಎರಡು ಮೂರು ಕವಲಿನ ತುಂಡು ಮಾಡಿ. ಗರಿಯನ್ನ ಒಂದು ಗೇಣಿಗೆ, ಬೇರನ್ನ ನಾಲ್ಕು ಬೆರಳಿಗೆ ಕತ್ತರಿಸಿ. ಗರಿ ಉದ್ದ ಬಿಟ್ಟರೆ ನೀರು ಆರಿ ತುಂಡು ಒಣಗುತ್ತೆ, ನಾನು ಮೊದಲ ಸಲ ಇದೇ ತಪ್ಪು ಮಾಡಿದ್ದು. ಮುಂಗಾರು ಚೆನ್ನಾಗಿ ಹಿಡಿದ ಮೇಲೆ, ನೆಲ ಒದ್ದೆ ಇರುವಾಗ, ನೇಗಿಲ ಸಾಲಲ್ಲಿ 10ರಿಂದ 15 ಸೆಂಟಿಮೀಟರಿಗೊಂದು ನೆಟ್ಟು ಬುಡ ತುಳಿಯಿರಿ. ಒಂದು ಗುಂಟೆಯ ಬದಿ 33 ಅಡಿ ಅಲ್ವಾ, 15 ಸೆಂಟಿಮೀಟರ್ ಲೆಕ್ಕದಲ್ಲಿ ಅಷ್ಟುದ್ದಕ್ಕೆ 67 ತುಂಡು ಬೇಕು. ಬಿಸಿಲು ಬೀಳೋ ಜಾಗ ಆಗಬೇಕು, ಮರದ ನೆರಳಲ್ಲಿ ಏಳಲ್ಲ. ಮೊದಲ ವರ್ಷ ದನ, ಕುರಿ ಬಿಡಬೇಡಿ. ಎರಡು ತಿಂಗಳಾದ ಮೇಲೆ ಸತ್ತ ಜಾಗಕ್ಕೆ ಹೊಸ ತುಂಡು ಹಾಕಲೇಬೇಕು. ಇದನ್ನ ಬಿಟ್ಟರೆ ಪೂರ್ತಿ ಕೆಲಸ ವ್ಯರ್ಥ, ಯಾಕಂದ್ರೆ ಸಂದು ಬಿಟ್ಟ ಕಡೆಯೇ ನೀರೆಲ್ಲ ನುಗ್ಗಿ ಮೊದಲಿಗಿಂತ ಜೋರಾಗಿ ಕೊರೆಯುತ್ತೆ. ವರ್ಷಕ್ಕೆ ಒಂದೆರಡು ಸಲ ಮೊಣಕಾಲುದ್ದಕ್ಕೆ ಕೊಯ್ದರೆ ಕವಲು ಹೆಚ್ಚುತ್ತೆ. ಸಾಲು ಮುಚ್ಚಿಕೊಳ್ಳೋಕೆ ಎರಡು ಮೂರು ವರ್ಷ. ಸಮಪಾತಳಿ ಗುರುತಿಸೋಕೆ ಮೆಷಿನ್ ಬೇಡ. ಗಾರೆ ಕೆಲಸದವರು ಮಟ್ಟ ನೋಡೋ ನೀರಿನ ಪೈಪು ಇದೆಯಲ್ಲ, ಅದು ಸಾಕು.

ಬೇರು ಮಾರಿದರೆ ದುಡ್ಡಿದೆಯಂತಲ್ಲ ಅಂತಲೂ ಕೇಳಿದ್ರಿ. ಇದೆ. ಸಿಮ್ಯಾಪ್ ಸಂಸ್ಥೆ ಎಣ್ಣೆಗೆಂದೇ ತಳಿಗಳನ್ನ ಮಾಡಿದೆ. ನೆಟ್ಟು ಒಂದೂವರೆ ವರ್ಷದ ಹೊತ್ತಿಗೆ ಬೇರು ಕೀಳ್ತಾರೆ. ಆದರೆ ಬೇರು ಬೇಕಂದ್ರೆ ನೆಲ ಅಗೀಬೇಕು. ಲಾವಂಚದ ಎಣ್ಣೆಯಲ್ಲಿ ಜಗತ್ತಿನ ದೊಡ್ಡ ಹೆಸರು ಹೈಟಿ. ಅಲ್ಲಿ ಗುಡ್ಡದಲ್ಲಿ ಅಗೆದ ಮಣ್ಣು ಮಳೆಗೆ ಇಳಿದುಹೋಗೋದೇ ದೊಡ್ಡ ತಲೆನೋವು. ಒಂದೇ ಹುಲ್ಲು. ದುಡ್ಡು ಕೊಡೋ ಸಾಲು ಮಣ್ಣು ಕಾಯಲ್ಲ, ಮಣ್ಣು ಕಾಯೋ ಸಾಲು ದುಡ್ಡು ಕೊಡಲ್ಲ. ಎಣ್ಣೆಗೆ ಬೇಕಂದ್ರೆ ಸಮತಟ್ಟು ಜಾಗದಲ್ಲಿ ಬೇರೆಯಾಗಿ ಹಾಕಿ, ಬದುವಿನದನ್ನ ಮುಟ್ಟಬೇಡಿ.

ಈಗ ಜೆಸಿಬಿಗೆ ವಾಪಸ್ ಬರೋಣ.

ತಾತ ಬಗ್ಗಲಿಲ್ಲ ಅಂತ ಅಪ್ಪ ಬೇರೆ ದಾರಿ ಹಿಡಿದರು. ಸರ್ವೆ ಮಾಡಿಸೋಣ, ಹುಲ್ಲು ಗಡಿಯ ಮೇಲಿಲ್ಲ ಅಂತ ಆದರೆ ತಾತ ಏನೂ ಹೇಳೋ ಹಾಗಿಲ್ಲ ಅಂತ. ಅಳತೆ ಆಯ್ತು. ಒಂದು ತುದಿಯಲ್ಲಿ ಹುಲ್ಲು ಸರಿಯಾಗಿ ಗಡಿ ಮೇಲಿದೆ. ಇನ್ನೊಂದು ತುದಿಗೆ ಹೋಗ್ತಾ ಹೋಗ್ತಾ ನಮ್ಮ ಕಡೆಗೆ ಎಂಟು ಅಡಿ ಒಳಗೆ ಬಂದಿದೆ. ಅಪ್ಪನ ಮುಖ ಕೆಂಪಾಯ್ತು. ಚಿಕ್ಕಪ್ಪ ಚಪ್ಪಲಿ ನೋಡ್ಕೊಂಡು ನಿಂತ್ರು. ಮೂವತ್ತೈದು ವರ್ಷದಿಂದ ಅವರ ಮನೆಯವರು ನಮ್ಮ ಜಾಗ ಉಂಡ ಹಾಗಾಯ್ತಲ್ಲ.

ತಾತ ಮಾತ್ರ ಬೀಡಿ ಹಚ್ಚಿಕೊಂಡು ನಕ್ಕರು.

"ಗೊತ್ತು ಕಣ್ರಲಾ. ನಾನೇ ಬಿಟ್ಟಿದ್ದು. ಆ ಕಡೆ ಮೂಲೇಲಿ ಬಂಡೆ ಐತೆ, ಅವನ ಎತ್ತು ತಿರುಗಾಕೆ ಜಾಗ ಸಾಲ್ತಿರ್ಲಿಲ್ಲ. ಹುಲ್ಲು ನೆಡೋ ದಿನ ನಾನೇ ಒಳಕ್ ಬಂದು ನೆಟ್ಟೆ. ಅವನು ಬ್ಯಾಡ ಅಂದ."

ಎತ್ತು ಕಟ್ಟಿ ಉಳೋ ಕಾಲದವರಿಗೆ ಮಾತ್ರ ಅರ್ಥ ಆಗೋ ಲೆಕ್ಕ ಅದು. ಸಾಲಿನ ತುದಿಯಲ್ಲಿ ಜೋಡಿ ಎತ್ತು ತಿರುಗೋಕೆ ಜಾಗ ಇಲ್ಲದಿದ್ದರೆ ಮೂಲೆಯ ಅಷ್ಟೂ ನೆಲ ಬೀಳು. ತಮ್ಮನ ಹೊಲ ಬೀಳು ಬಿಡಬಾರದು ಅಂತ ಅಣ್ಣ ತನ್ನ ಗಡಿಯನ್ನ ಒಳಗೆ ತಂದು, ಅದರ ಮೇಲೆ ಕದಲದ ಹುಲ್ಲು ನೆಟ್ಟಿದ್ದ. ಕಾಗದ ಇಲ್ಲ, ಸಾಕ್ಷಿ ಇಲ್ಲ. ಆ ಜೋಡಿ ಎತ್ತು ಸತ್ತು ಎಷ್ಟೋ ವರ್ಷವಾಯಿತು, ತಮ್ಮನೂ ಹೋದರು. ಆಗ ಬೆಂಗಳೂರು ಜಿಲ್ಲೆ ಒಡೆದು ಗ್ರಾಮಾಂತರ ಆಗಿತ್ತು, 2007ರಲ್ಲಿ ನಾವು ರಾಮನಗರ ಜಿಲ್ಲೆಯಾದ್ವಿ, 2025ರಲ್ಲಿ ಬೆಂಗಳೂರು ದಕ್ಷಿಣ. ಜಿಲ್ಲೆಯ ಹೆಸರಿನ ಜೊತೆ ಎಕರೆಯ ಬೆಲೆಯೂ ಬದಲಾಯ್ತು. ಸಾಲು ಅಲ್ಲೇ ಇದೆ.

ಆ ರಾತ್ರಿ ಅಪ್ಪ ಊಟ ಮಾಡ್ತಾ, "ಎಂಟು ಅಡಿ ಅಂದ್ರೆ ಎಷ್ಟ್ಲಾ ಆಯ್ತದೆ ದುಡ್ಡು?" ಅಂತ ಕೇಳಿದ್ರು. ಲೆಕ್ಕ ಹಾಕಿ ಹೇಳಿದೆ. ಕಮ್ಮಿ ಏನಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡು" ಅಂದ್ರು. ಮಾರನೇ ದಿನ ಜೆಸಿಬಿಯವನಿಗೆ ಫೋನ್ ಮಾಡಿ ಬೇಡ ಅಂದೆ. ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ.

ಮಾವಿನ ಗಿಡ ಹಾಕಿದ್ವಿ, ಬದು ಬಿಟ್ಟು. ಈ ಮುಂಗಾರಿಗೆ ಹಳೇ ಸಾಲಿನ ಅಂಚಿನ ಬುಡಗಳನ್ನ ಒಡೆದು, ನಮ್ಮ ಹೊಲದ ಮಧ್ಯೆ ಸಮಪಾತಳಿಗೆ ಒಂದು ಸಾಲು ನಾನೂ ಚಿಕ್ಕಪ್ಪನ ಮಗನೂ ನೆಟ್ಟಿದ್ದೀವಿ. ತೋಟಕ್ಕೆ ನೇಗಿಲು ಬರಲ್ಲವಲ್ಲ, ಇನ್ನು ಅಡ್ಡ ಆಗೋ ಮಾತಿಲ್ಲ. ನೀರಿನ ಪೈಪಿನ ಒಂದು ತುದಿ ನಾನು, ಇನ್ನೊಂದು ತುದಿ ಅವನು. ಅವರ ಜಾಗದೊಳಗೂ ಗೆರೆ ಹೋಯ್ತು, ನಿಲ್ಲಿಸಲಿಲ್ಲ. ಒಟ್ಟು 420 ತುಂಡು. ತಾತ ಕೋಲು ಊರಿಕೊಂಡು ಬಂದು ಉದ್ದಕ್ಕೂ ನೋಡಿದ್ರು. "ಡೊಂಕು ಬಂದೈತೆ" ಅಂದ್ರು. ಡೊಂಕೇ ಬರಬೇಕು ತಾತ ಅಂದೆ. ನಂಬಲಿಲ್ಲ. ನಿನ್ನೆ ಎಣಿಸಿದಾಗ 31 ಸತ್ತಿತ್ತು. ಅವುಗಳ ಜಾಗಕ್ಕೆ ಹಾಕೋಕೆ ಬುಡ ಒಡೆದು ಇಟ್ಟಿದ್ದೀನಿ, ಮೋಡ ಕಟ್ಟಿದೆ. ರೆಕಾರ್ಡಿಂಗ್ ಇಲ್ಲಿಗೆ ನಿಲ್ಲಿಸ್ತೀನಿ, ಮಳೆ ಬರೋದರೊಳಗೆ ಗುಂಡಿ ತೋಡಬೇಕು.